ಹಳೆಯ ಕಾರಿಗೆ ಯಾವ ಇಂಜಿನ್ ಆಯಿಲ್? ಕಾರು ಯಾವ ಬಗೆಯಲ್ಲಿ ಹಳೆಯದು ಎಂದು ಮೊದಲು ನೋಡಿ

"ಗಾಡಿ ಹಳೇದಾಯ್ತು, ಇನ್ಮೇಲೆ ಸ್ವಲ್ಪ ಗಟ್ಟಿ ಆಯಿಲ್ ಹಾಕ್ಸಿ." ಹಳೆ ಕಾರು ಇಟ್ಟುಕೊಂಡವರು ಈ ಮಾತನ್ನು ಒಮ್ಮೆಯಾದರೂ ಕೇಳಿರುತ್ತಾರೆ. ನಾನೂ ಕೇಳಿದೆ, ಹಾಗೇ ಮಾಡಿದೆ. ಮ್ಯಾನುಯಲ್‌ನಲ್ಲಿ 5ಡಬ್ಲ್ಯು-30 ಎಂದು ಬರೆದಿದ್ದ ಇಂಜಿನ್ನಿಗೆ 20ಡಬ್ಲ್ಯು-50 ತುಂಬಿಸಿಕೊಂಡು ಬಂದೆ. ಮೊದಲ ಕೆಲವು ವಾರ ಎಲ್ಲ ಸರಿಹೋದಂತೆಯೇ ಇತ್ತು. ಟ್ಯಾಪೆಟ್ (ವಾಲ್ವ್‌ಗಳನ್ನು ತಳ್ಳಿ ತೆರೆಯುವ ಭಾಗ) ಸದ್ದು ಅಡಗಿತು, ಆಯಿಲ್ ಇಳಿಯುವುದೂ ಕಡಿಮೆಯಾಯಿತು. ಆಮೇಲೆ ಡಿಪ್‌ಸ್ಟಿಕ್‌ನಲ್ಲಿ ಮಟ್ಟ ಮತ್ತೆ ಇಳಿಯತೊಡಗಿತು. ಬೆಳಗ್ಗೆ ಸ್ಟಾರ್ಟ್ ಮಾಡಿದರೆ ಆಯಿಲ್ ಪ್ರೆಶರ್ ದೀಪ ಆರುವುದಕ್ಕೂ ಮೊದಲಿಗಿಂತ ಹೆಚ್ಚು ಹೊತ್ತು ಬೇಕಾಯಿತು. ಕೊನೆಗೆ ಸಿಕ್ಕ ಕಾರಣ, ಕಟ್ಟಿಕೊಂಡಿದ್ದ ಪಿಸಿವಿ ವಾಲ್ವ್. ಪಿಸ್ಟನ್ ಪಕ್ಕದಿಂದ ಕೆಳಗೆ ನುಸುಳಿದ ಹೊಗೆಯನ್ನು ಇಂಜಿನ್ನಿನ ಹೊಟ್ಟೆಯಿಂದ ಹೊರಗೆಳೆಯುವ, ಅಂಗೈಯಲ್ಲಿ ಹಿಡಿಸುವಷ್ಟು ಚಿಕ್ಕ ಭಾಗ ಅದು. ಅದು ಕಟ್ಟಿಕೊಂಡರೆ ಒಳಗೆ ಒತ್ತಡ ಏರಿ, ಆಯಿಲ್ ಸಿಕ್ಕ ಸಂದಿಯಲ್ಲೆಲ್ಲ ಹೊರಬರುತ್ತದೆ, ಇಲ್ಲವೇ ಒಳಗೇ ಸುಟ್ಟುಹೋಗುತ್ತದೆ. ವಾಲ್ವ್ ಬದಲಿಸಿ ಮ್ಯಾನುಯಲ್ ಹೇಳಿದ ಗ್ರೇಡಿಗೇ ಮರಳಿದೆ. ಆಯಿಲ್ ಇಳಿಯುವುದು ನಿಂತಿತು.

ಗಟ್ಟಿ ಆಯಿಲ್ ಕೆಲಸಕ್ಕೇ ಬಾರದು ಎಂದು ನಾನು ಹೇಳುತ್ತಿಲ್ಲ. ಕೆಲವು ಇಂಜಿನ್‌ಗಳಿಗೆ ಅದೇ ಬೇಕು. ಆದರೆ ಕಾಯಿಲೆ ಏನೆಂದು ನೋಡದೆ ಗ್ರೇಡ್ ಏರಿಸಿದರೆ ಕಾಯಿಲೆ ಒಳಗೇ ಉಳಿಯುತ್ತದೆ, ಸದ್ದು ಮಾತ್ರ ನಿಲ್ಲುತ್ತದೆ.

"ಹಳೆಯದು" ಎಂಬ ಮಾತಿಗೆ ಮೂರು ಅರ್ಥ

ಒಂದು, ವಿನ್ಯಾಸವೇ ಹಳೆಯದು. ಕಾರ್ಬ್ಯುರೇಟರ್, ಪುಶ್‌ರಾಡ್, ಚಪ್ಪಟೆ ಟ್ಯಾಪೆಟ್ ಇರುವ ಇಂಜಿನ್. ಮ್ಯಾನುಯಲ್ ತೆರೆದರೆ 20ಡಬ್ಲ್ಯು-50 ಅಥವಾ ಬರೀ 30, 40 ಎಂಬ ಮಾನೋಗ್ರೇಡ್ ಕಾಣುತ್ತದೆ.

ಎರಡು, ಓಡಿ ಓಡಿ ಸವೆದದ್ದು. ವಿನ್ಯಾಸ ತೊಂಬತ್ತರ ದಶಕದ್ದೋ ಆಮೇಲಿನದ್ದೋ ಇರಬಹುದು, ಫ್ಯುಯೆಲ್ ಇಂಜೆಕ್ಷನ್ ಇರುತ್ತದೆ, ಆದರೆ ಮೀಟರ್‌ನಲ್ಲಿ ಎರಡು ಲಕ್ಷ ಕಿಲೋಮೀಟರ್ ದಾಟಿದೆ.

ಮೂರು, ವಯಸ್ಸಾಗಿದೆ ಆದರೆ ಓಡಿಲ್ಲ. ಹದಿನೈದು ವರ್ಷದ ಕಾರು, ನಲವತ್ತೈದು ಸಾವಿರ ಕಿಲೋಮೀಟರ್. ಒಳಗಿನ ಲೋಹ ಹೊಸದರಂತೆ ಇರುತ್ತದೆ, ರಬ್ಬರ್ ಸೀಲ್‌ಗಳು ಮಾತ್ರ ಗಟ್ಟಿಯಾಗಿ ಬಿರುಕು ಬಿಟ್ಟಿರುತ್ತವೆ.

ಈ ಮೂರಕ್ಕೂ ಬೇಕಾದ ಆಯಿಲ್ ಬೇರೆ ಬೇರೆ. ನಾನು ಕಂಡ ಹೆಚ್ಚಿನ ತಪ್ಪುಗಳು ಎರಡನೆಯ, ಮೂರನೆಯ ಬಗೆಯ ಕಾರನ್ನು ಮೊದಲನೆಯದರಂತೆ ನೋಡಿಕೊಂಡದ್ದರಿಂದ ಆದವು.

ಡಬ್ಬಿಯ ಮೇಲಿನ ಎರಡು ಅಂಕಿಗಳು

10ಡಬ್ಲ್ಯು-40 ಎಂಬಲ್ಲಿ ಡಬ್ಲ್ಯು ಎಂದರೆ ವಿಂಟರ್, ಚಳಿಗಾಲ. ಎಸ್‌ಎಇ ಸಂಸ್ಥೆಯ ಜೆ300 ಎಂಬ ಮಾನದಂಡದಲ್ಲಿ ಪ್ರತಿ ಡಬ್ಲ್ಯು ಗ್ರೇಡಿಗೂ ಒಂದು ಪರೀಕ್ಷೆಯ ತಾಪಮಾನ ಗೊತ್ತುಮಾಡಿದೆ. ತಣ್ಣಗಿನ ಆಯಿಲಿನಲ್ಲಿ ಇಂಜಿನ್ ತಿರುಗುವಷ್ಟು ಸಡಿಲ ಇರುತ್ತದೆಯೇ ಎಂದು 5ಡಬ್ಲ್ಯು ಆಯಿಲನ್ನು ಮೈನಸ್ 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ನೋಡುತ್ತಾರೆ. 10ಡಬ್ಲ್ಯು ಆಯಿಲಿಗೆ ಮೈನಸ್ 25, 15ಡಬ್ಲ್ಯುಗೆ ಮೈನಸ್ 20, 20ಡಬ್ಲ್ಯುಗೆ ಮೈನಸ್ 15. ಎರಡನೆಯ ಅಂಕಿ ಬಿಸಿಯಾದ ಆಯಿಲಿನದು. ಮಂದತನವನ್ನು ಸೆಂಟಿಸ್ಟೋಕ್‌ನಲ್ಲಿ ಅಳೆಯುತ್ತಾರೆ. 100 ಡಿಗ್ರಿಯಲ್ಲಿ 30 ಗ್ರೇಡ್ 9.3ರಿಂದ 12.5 ಸೆಂಟಿಸ್ಟೋಕ್ ಒಳಗೆ, 40 ಗ್ರೇಡ್ 12.5ರಿಂದ 16.3ರ ಒಳಗೆ, 50 ಗ್ರೇಡ್ 16.3ರಿಂದ 21.9ರ ಒಳಗೆ ಇರಬೇಕು.

ಇಲ್ಲಿ ಒಂದು ಸೂಕ್ಷ್ಮ ಇದೆ. 30ರ ಗಟ್ಟಿ ತುದಿಯೂ 40ರ ತೆಳು ತುದಿಯೂ ಅಕ್ಕಪಕ್ಕದವು. ಹಾಗಾಗಿ 30ರಿಂದ 40ಕ್ಕೆ ಹೋಗುವುದು ದೊಡ್ಡ ನೆಗೆತವೇನಲ್ಲ. 30ರಿಂದ 50ಕ್ಕೆ ಹೋದರೆ ಇಂಜಿನ್ ಒಳಗಿನ ಲೆಕ್ಕವೇ ಬದಲಾಗುತ್ತದೆ.

"ನಮ್ಮಲ್ಲಿ ಹಿಮ ಬೀಳೋದಿಲ್ಲ, ಡಬ್ಲ್ಯು ಅಂಕಿ ಯಾಕೆ ನೋಡಬೇಕು?" ಎಂದು ಬೆಚ್ಚಗಿನ ಊರಿನವರು ಕೇಳುವುದುಂಟು. ಅರ್ಧ ಸರಿ. ಅಲ್ಲಿ 20ಡಬ್ಲ್ಯು ಹಾಕಿದರೂ ಇಂಜಿನ್ ಸ್ಟಾರ್ಟ್ ಆಗುತ್ತದೆ. ಆದರೆ ಇಂಜಿನ್ ತಣ್ಣಗಿದೆ ಎನ್ನಲು ಹಿಮವೇ ಬೀಳಬೇಕೆಂದಿಲ್ಲ. 40 ಡಿಗ್ರಿಯಲ್ಲೇ ಅಳೆದರೂ ಸಾಮಾನ್ಯ 5ಡಬ್ಲ್ಯು-30 ಆಯಿಲ್ 60-70 ಸೆಂಟಿಸ್ಟೋಕ್ ಆಸುಪಾಸಿನಲ್ಲಿದ್ದರೆ, 20ಡಬ್ಲ್ಯು-50 ಅದರ ಎರಡು ಪಟ್ಟಿಗೂ ಮೀರಿ ಮಂದವಾಗಿರುತ್ತದೆ. ರಾತ್ರಿಯಿಡೀ ನಿಂತ ಕಾರಿನಲ್ಲಿ ಆಯಿಲ್ ಕೆಳಗಿನ ಚೇಂಬರಿಗೆ ಇಳಿದಿರುತ್ತದೆ. ಬೆಳಗ್ಗೆ ಅದು ವಾಲ್ವ್‌ಗಳನ್ನು ಆಡಿಸುವ ಕ್ಯಾಮ್‌ಶಾಫ್ಟಿನವರೆಗೆ ಏರುವ ಆ ಕೆಲವು ಕ್ಷಣಗಳಲ್ಲಿ ಲೋಹಕ್ಕೆ ಇರುವ ರಕ್ಷಣೆ ಹಿಂದಿನ ದಿನದ ತೆಳು ಪದರ ಮಾತ್ರ.

5ಡಬ್ಲ್ಯು-30, 10ಡಬ್ಲ್ಯು-40, 20ಡಬ್ಲ್ಯು-50: ಯಾವುದು ಯಾರಿಗೆ?

ಸವೆದ ಇಂಜಿನ್ನಿಗೆ ಗಟ್ಟಿ ಆಯಿಲ್ ಯಾಕೆ ನೆರವಾಗುತ್ತದೆ? ಬೇರಿಂಗ್ ಮತ್ತು ಶಾಫ್ಟಿನ ನಡುವಿನ ಸಂದು ಹಿಗ್ಗಿದಾಗ ಆಯಿಲ್ ಅಲ್ಲಿಂದ ಬೇಗ ಸೋರಿ ಹೋಗುತ್ತದೆ, ಒತ್ತಡ ಕುಸಿಯುತ್ತದೆ. ಮಂದ ಆಯಿಲ್ ನಿಧಾನವಾಗಿ ಸೋರುವುದರಿಂದ ಒತ್ತಡ ನಿಲ್ಲುತ್ತದೆ, ಲೋಹಗಳ ನಡುವಿನ ಪದರವೂ ದಪ್ಪವಾಗಿರುತ್ತದೆ. ಇದು ನಿಜವಾದ ಲಾಭ.

ನಷ್ಟವೂ ಅಷ್ಟೇ ನಿಜ. ಗೇಜ್‌ನಲ್ಲಿ ಒತ್ತಡ ಏರಿತು ಎಂದರೆ ಹರಿವು ಹೆಚ್ಚಿತು ಎಂದಲ್ಲ. ಎಷ್ಟೋ ಸಲ ಅದರ ಅರ್ಥ, ಆಯಿಲ್ ಹೋಗಬೇಕಾದಲ್ಲಿಗೆ ಕಷ್ಟಪಟ್ಟು ಹೋಗುತ್ತಿದೆ ಎಂದು. ತಣ್ಣಗಿನ ಗಟ್ಟಿ ಆಯಿಲ್ ಫಿಲ್ಟರಿನ ಕಾಗದದೊಳಗೆ ನುಗ್ಗಲಾರದೆ ಬೈಪಾಸ್ ವಾಲ್ವ್ ತೆರೆದುಕೊಂಡರೆ, ಸೋಸದ ಆಯಿಲೇ ಇಂಜಿನ್ನಿನೊಳಗೆ ಸುತ್ತುತ್ತದೆ. ಹೈಡ್ರಾಲಿಕ್ ಟ್ಯಾಪೆಟ್ ಇರುವ ಇಂಜಿನ್‌ಗಳಲ್ಲಿ ಟ್ಯಾಪೆಟ್ಟಿನೊಳಗೆ ಆಯಿಲ್ ತುಂಬಿಕೊಳ್ಳಲು ತಡವಾಗುತ್ತದೆ. ತೊಂಬತ್ತರ ದಶಕದಿಂದ ವ್ಯಾಪಕವಾಗಿ ಬಂದ ವೇರಿಯಬಲ್ ವಾಲ್ವ್ ಟೈಮಿಂಗ್ (ವಾಲ್ವ್ ತೆರೆಯುವ ಹೊತ್ತನ್ನು ಬದಲಿಸುವ ಏರ್ಪಾಡು) ಇರುವ ಇಂಜಿನ್‌ಗಳಲ್ಲಂತೂ ಹೆಚ್ಚಾಗಿ ಆಯಿಲಿನ ಒತ್ತಡದಿಂದಲೇ ಕ್ಯಾಮ್‌ನ ಕೋನ ಹೊಂದಿಸುವ ಕೆಲಸ ನಡೆಯುತ್ತದೆ. ಅದರ ಸಣ್ಣ ರಂಧ್ರಗಳನ್ನು ಕೊರೆದಿರುವುದೇ ನಿರ್ದಿಷ್ಟ ಗ್ರೇಡಿನ ಲೆಕ್ಕದಲ್ಲಿ.

ಇದನ್ನೆಲ್ಲ ಇಟ್ಟುಕೊಂಡು ನಾನು ಪಾಲಿಸುವ ಕ್ರಮ ಹೀಗಿದೆ. ಇಂಜಿನ್ ಆಯಿಲ್ ಕುಡಿಯುತ್ತಿಲ್ಲ, ಸದ್ದಿಲ್ಲ, ಬಿಸಿಯಾದ ಮೇಲೂ ದೀಪ ಮಿನುಗುತ್ತಿಲ್ಲ ಎಂದಾದರೆ ಕಾರಿಗೆ ಎಷ್ಟೇ ವಯಸ್ಸಾಗಿರಲಿ, ಮ್ಯಾನುಯಲ್‌ನ ಗ್ರೇಡನ್ನು ಬಿಡುವುದಿಲ್ಲ. ಆಯಿಲ್ ಸ್ವಲ್ಪ ಸ್ವಲ್ಪ ಇಳಿಯುತ್ತಿದೆ, ಹೊರಗೆ ಸೋರಿಕೆ ಇಲ್ಲ, ಪಿಸಿವಿ ಸರಿಯಿದೆ ಎಂದಾದರೆ ಒಂದೇ ಒಂದು ಮೆಟ್ಟಿಲು ಮೇಲೆ, ಅಂದರೆ 5ಡಬ್ಲ್ಯು-30 ಇದ್ದಲ್ಲಿ 5ಡಬ್ಲ್ಯು-40 ಅಥವಾ 10ಡಬ್ಲ್ಯು-40. ಮೊದಲ ಅಂಕಿಯನ್ನು ಆದಷ್ಟು ಕೆಳಗೇ ಇಟ್ಟು ಎರಡನೆಯದನ್ನು ಮಾತ್ರ ಏರಿಸುವುದು ಒಳ್ಳೆಯದು. ಬಿಸಿಯಲ್ಲಿ ದಪ್ಪ ಪದರವೂ ಸಿಗುತ್ತದೆ, ಬೆಳಗಿನ ಹರಿವೂ ಕೆಡುವುದಿಲ್ಲ. ಹಳೆಯ ಮ್ಯಾನುಯಲ್‌ಗಳಲ್ಲಿ ಹೊರಗಿನ ತಾಪಮಾನಕ್ಕೆ ತಕ್ಕಂತೆ ಮೂರು ನಾಲ್ಕು ಗ್ರೇಡ್ ತೋರಿಸುವ ಪಟ್ಟಿ ಇರುತ್ತದೆ. ನೀವು ಏರಿಸಬೇಕೆಂದಿರುವ ಗ್ರೇಡ್ ಆ ಪಟ್ಟಿಯಲ್ಲೇ ಇದ್ದರೆ ಅಳುಕಬೇಕಿಲ್ಲ.

20ಡಬ್ಲ್ಯು-50 ಮೊದಲನೆಯ ಬಗೆಯ ಕಾರಿನದು. ಆ ಕಾಲದ ಇಂಜಿನ್‌ಗಳಲ್ಲಿ ಸಂದುಗಳೇ ಅಗಲ. ಜೊತೆಗೆ ಇನ್ನೊಂದು ಅನುಕೂಲವಿದೆ. ಒಂದೇ ಆಯಿಲ್ ಚಳಿಗೂ ಬಿಸಿಗೂ ಹೊಂದಲು ಅದರಲ್ಲಿ ಪಾಲಿಮರ್ ಬೆರೆಸುತ್ತಾರೆ. ಎರಡು ಅಂಕಿಗಳ ಅಂತರ ಹೆಚ್ಚಿದಷ್ಟೂ, ಅದೇ ಬಗೆಯ ಮೂಲ ತೈಲದಲ್ಲಿ, ಪಾಲಿಮರ್ ಹೆಚ್ಚು ಬೇಕು. ಈ ಪಾಲಿಮರ್ ಎಳೆಗಳು ಯಂತ್ರದೊಳಗೆ ಅರೆದು ತುಂಡಾದಂತೆ ಆಯಿಲ್ ತೆಳುವಾಗುತ್ತದೆ. 1959ರಲ್ಲಿ ಬಂದ ಮೂಲ ಮಿನಿ ಕಾರಿನಲ್ಲಿ ಇಂಜಿನ್ನಿಗೂ ಗೇರ್‌ಬಾಕ್ಸಿಗೂ ಒಂದೇ ಆಯಿಲ್. ಗೇರ್ ಹಲ್ಲುಗಳ ನಡುವೆ ಸಿಕ್ಕಿದ ಪಾಲಿಮರ್ ಬೇಗ ತುಂಡಾಗುತ್ತದೆ. ಅಂಥ ಕಾರಿಗೆ 5ಡಬ್ಲ್ಯು-50 ಎಂಬ ಅಗಲದ ಗ್ರೇಡಿಗಿಂತ ಒಳ್ಳೆಯ 20ಡಬ್ಲ್ಯು-50 ಹೆಚ್ಚು ದಿನ ತನ್ನ ಗುಣ ಉಳಿಸಿಕೊಳ್ಳುತ್ತದೆ.

ಒಂದೇ ಅಂಕಿಯ ಎರಡು ಡಬ್ಬಿಗಳು ಒಂದೇ ಅಲ್ಲ ಎನ್ನುವುದನ್ನೂ ಇಲ್ಲೇ ಹೇಳಬೇಕು. 150 ಡಿಗ್ರಿಯಲ್ಲಿ, ವೇಗವಾಗಿ ಅರೆಯುವಾಗ ಆಯಿಲಿನ ಮಂದತನ ಎಷ್ಟು ಉಳಿಯುತ್ತದೆ ಎಂಬ ಅಳತೆಗೆ ಎಚ್‌ಟಿಎಚ್‌ಎಸ್ ಎನ್ನುತ್ತಾರೆ. 30 ಗ್ರೇಡಿಗೆ ಜೆ300 ಕೇಳುವ ಕನಿಷ್ಠ 2.9. ಆದರೆ ಯುರೋಪಿನ ಎಸಿಇಎ ಸಂಸ್ಥೆಯ ಎ3/ಬಿ4 ಗುರುತಿರುವ 5ಡಬ್ಲ್ಯು-30 ಆಯಿಲಿನಲ್ಲಿ ಅದು ಕನಿಷ್ಠ 3.5 ಇರಬೇಕು. ಇಂಧನ ಉಳಿಸಲೆಂದು ಮಾಡಿದ 5ಡಬ್ಲ್ಯು-30 ಆಯಿಲಿಗಿಂತ ಇದು ಒತ್ತಡ ಹೆಚ್ಚಿರುವಲ್ಲಿ ಗಟ್ಟಿ ಪದರ ಕೊಡುತ್ತದೆ. ಗ್ರೇಡ್ ಬದಲಿಸಲು ಮನಸ್ಸಿಲ್ಲ, ಸ್ವಲ್ಪ ಹೆಚ್ಚಿನ ರಕ್ಷಣೆ ಬೇಕು ಎನ್ನುವವರಿಗೆ ಇದು ಒಳ್ಳೆಯ ದಾರಿ.

ಮಿನರಲ್, ಸೆಮಿ ಸಿಂಥೆಟಿಕ್, ಸಿಂಥೆಟಿಕ್

ಮಿನರಲ್ ಎಂದರೆ ಕಚ್ಚಾ ತೈಲವನ್ನು ಸಂಸ್ಕರಿಸಿ ತೆಗೆದ ಆಯಿಲ್, ಸಿಂಥೆಟಿಕ್ ಎಂದರೆ ರಾಸಾಯನಿಕ ವಿಧಾನದಿಂದ ತಯಾರಿಸಿದ್ದು, ಸೆಮಿ ಎಂದರೆ ಎರಡರ ಮಿಶ್ರಣ. "ಹಳೆ ಇಂಜಿನ್ನಿಗೆ ಸಿಂಥೆಟಿಕ್ ಹಾಕಿದರೆ ಸೋರತ್ತೆ" ಎಂಬ ಹೆದರಿಕೆ ಹಿಂದಿನ ಕಾಲದ್ದು. ಮೊದಮೊದಲ ಸಿಂಥೆಟಿಕ್ ಆಯಿಲ್‌ಗಳು ಆಗಿನ ರಬ್ಬರ್ ಸೀಲ್‌ಗಳಿಗೆ ಹೊಂದದೆ ತೊಂದರೆ ಕೊಟ್ಟದ್ದುಂಟು. ಈಗಿನವು ಸೀಲ್ ಹೊಂದಾಣಿಕೆಯ ಪರೀಕ್ಷೆ ದಾಟಿ ಬರುತ್ತವೆ. ಸಿಂಥೆಟಿಕ್ ಹಾಕಿದ ಮೇಲೆ ಸೋರಿದರೆ, ಸೀಲ್ ಆಗಲೇ ಹೋಗಿತ್ತು, ಹಳೆಯ ಕೆಸರು ಅದನ್ನು ಮುಚ್ಚಿಕೊಂಡಿತ್ತು ಎಂದೇ ಹೆಚ್ಚಾಗಿ ಅರ್ಥ. ಸೀಲ್ ಬದಲಿಸಿ. ಸಿಂಥೆಟಿಕ್ ಮತ್ತು ಮಿನರಲ್ ಬೆರೆತರೆ ಮೊಸರಾಗುತ್ತದೆ ಎಂಬುದೂ ಸುಳ್ಳು. ಮಾನ್ಯತೆ ಪಡೆದ ಇಂಜಿನ್ ಆಯಿಲ್‌ಗಳು ಒಂದರೊಂದಿಗೆ ಬೆರೆಯಲೇಬೇಕು ಎಂಬ ನಿಯಮವೇ ಇದೆ. ದಾರಿಯಲ್ಲಿ ಮಟ್ಟ ಇಳಿದಾಗ ಸಿಕ್ಕಿದ್ದನ್ನು ಅರ್ಧ ಲೀಟರ್ ಸೇರಿಸುವುದು ಆಯಿಲ್ ಇಲ್ಲದೆ ಓಡಿಸುವುದಕ್ಕಿಂತ ಸಾವಿರ ಪಾಲು ಮೇಲು.

ಟರ್ಬೋ ಇರುವ ಹಳೆ ಕಾರಿಗೆ ಸಿಂಥೆಟಿಕ್ ಬಿಟ್ಟು ಬೇರೆ ಯೋಚಿಸಬೇಡಿ. ಕಾದ ಟರ್ಬೋದಲ್ಲಿ ಮಿನರಲ್ ಆಯಿಲ್ ಬೇಗ ಇಂಗಾಲವಾಗಿ ಕಟ್ಟಿಕೊಳ್ಳುತ್ತದೆ. ತುಂಬ ಚಳಿಯಿರುವ ಊರಿಗೂ ಅದೇ ಮಾತು. ತಿಂಗಳಿಗೆ ಒಂದೆರಡು ಸಲ ಹೊರತೆಗೆಯುವ ಕಾರ್ಬ್ಯುರೇಟರ್ ಕಾರಿಗೆ ಒಳ್ಳೆಯ ಮಿನರಲ್ ಆಯಿಲ್ ಸಾಕು. ಅದರಲ್ಲಿ ಪೆಟ್ರೋಲ್ ಮತ್ತು ನೀರಿನಂಶ ಬೆರೆತು ಹೇಗೂ ಬೇಗ ಕೆಡುವುದರಿಂದ ಕಾಲಕಾಲಕ್ಕೆ ಬದಲಿಸುವುದೇ ಮುಖ್ಯ. ಲೀಟರ್‌ಗಟ್ಟಲೆ ಆಯಿಲ್ ಕುಡಿಯುವ ಇಂಜಿನ್ನಿಗೆ ದುಬಾರಿ ಸಿಂಥೆಟಿಕ್ ಸುರಿಯುತ್ತಾ ಇರುವುದಕ್ಕಿಂತ ಸೆಮಿ ಸಿಂಥೆಟಿಕ್ ಹಾಕಿ, ಉಳಿದ ದುಡ್ಡನ್ನು ವಾಲ್ವ್ ಸೀಲ್ ಕೆಲಸಕ್ಕೆ ಎತ್ತಿಡಿ.

ಜಿಂಕ್ ವಿಚಾರ

ಹಳೆ ಕಾರಿನವರು ಹೆಚ್ಚು ತಲೆ ಕೆಡಿಸಿಕೊಳ್ಳುವ, ಹೆಚ್ಚು ಗೊಂದಲವಿರುವ ವಿಷಯ ಇದು.

ಡಬ್ಬಿಯ ಹಿಂದೆ ಅಮೆರಿಕದ ಎಪಿಐ ಸಂಸ್ಥೆಯ ಗುರುತಿರುತ್ತದೆ. ಪೆಟ್ರೋಲ್ ಇಂಜಿನ್ನಿಗೆ ಎಸ್ ಅಕ್ಷರದಿಂದ ಶುರುವಾಗುತ್ತದೆ: ಎಸ್‌ಎಫ್, ಎಸ್‌ಜಿ, ಎಸ್‌ಜೆ, 2001ರಲ್ಲಿ ಎಸ್‌ಎಲ್, 2004ರಲ್ಲಿ ಎಸ್‌ಎಂ, 2010ರಲ್ಲಿ ಎಸ್‌ಎನ್, 2020ರಲ್ಲಿ ಎಸ್‌ಪಿ. ಹೊಸ ಅಕ್ಷರದ ಆಯಿಲ್ ಹಳೆಯದರ ಜಾಗದಲ್ಲಿ ನಡೆಯುತ್ತದೆ ಎಂಬುದು ಸಾಮಾನ್ಯ ನಿಯಮ, ಬಹುಪಾಲು ಕಾರುಗಳಿಗೆ ನಿಜವೂ ಹೌದು. ಆದರೆ ಚಪ್ಪಟೆ ಟ್ಯಾಪೆಟ್ ಇರುವ ಇಂಜಿನ್ನಿನ ವಿಷಯದಲ್ಲಿ ಸ್ವಲ್ಪ ನಿಂತು ಯೋಚಿಸಬೇಕು.

ಅಂಥ ಇಂಜಿನ್ನಿನಲ್ಲಿ ಕ್ಯಾಮ್‌ನ ಮೂತಿ ಟ್ಯಾಪೆಟ್ಟಿನ ಮುಖದ ಮೇಲೆ ಉಜ್ಜಿಕೊಂಡು ಜಾರುತ್ತದೆ. ನಡುವೆ ಉರುಳುವ ರೋಲರ್ ಇರುವುದಿಲ್ಲ. ಅಷ್ಟು ಒತ್ತಡದಲ್ಲಿ ಆಯಿಲ್ ಪದರ ಹರಿದುಹೋದಾಗ ಲೋಹವನ್ನು ಕಾಯುವುದು ಝಡ್‌ಡಿಡಿಪಿ ಎಂಬ ಜಿಂಕ್-ರಂಜಕ ಸಂಯುಕ್ತ. ಬಿಸಿ ಮತ್ತು ಒತ್ತಡ ತಾಗಿದಲ್ಲಿ ಅದು ಲೋಹದ ಮೇಲೆ ಗಾಜಿನಂಥ ತೆಳು ಪೊರೆ ಕಟ್ಟುತ್ತದೆ. ಆದರೆ ಸುಟ್ಟ ಆಯಿಲಿನ ರಂಜಕ ಸೈಲೆನ್ಸರ್ ದಾರಿಯಲ್ಲಿ ಹೊಗೆಯನ್ನು ಶುದ್ಧಮಾಡುವ ಕ್ಯಾಟಲಿಟಿಕ್ ಕನ್ವರ್ಟರನ್ನು ಹಾಳುಮಾಡುತ್ತದೆ. ಅದಕ್ಕಾಗಿ ರಂಜಕಕ್ಕೆ ಮಿತಿ ಹಾಕಿದರು. ಎಸ್‌ಎಂ ಕಾಲದಿಂದ 20, 30ರಂಥ ತೆಳು ಗ್ರೇಡ್‌ಗಳಲ್ಲಿ ಅದು ಶೇ. 0.08 ದಾಟುವಂತಿಲ್ಲ.

ಬಹಳ ಜನ ಗಮನಿಸದ ಮಾತೆಂದರೆ, ಈ ಮಿತಿ ತೆಳು ಗ್ರೇಡ್‌ಗಳಿಗಷ್ಟೇ. 15ಡಬ್ಲ್ಯು-40, 20ಡಬ್ಲ್ಯು-50 ಗ್ರೇಡ್‌ಗಳಿಗೆ ಅದು ಅನ್ವಯಿಸುವುದಿಲ್ಲ. ಹೀಗಾಗಿ ಹಳೆಯ ವಿನ್ಯಾಸದ ಇಂಜಿನ್ನಿಗೆ ಸರಿಹೊಂದುವ ಗ್ರೇಡ್‌ಗಳಲ್ಲೇ ಹೆಚ್ಚು ಜಿಂಕ್ ಇರುವ ಆಯಿಲ್ ಸಿಗುವ ಸಾಧ್ಯತೆಯೂ ಹೆಚ್ಚು. ಡಬ್ಬಿಯ ಮೇಲೆ ಜಿಂಕ್ ಪ್ರಮಾಣ ಬರೆದಿರದಿದ್ದರೆ ಕಂಪನಿ ಪ್ರಕಟಿಸುವ ಆ ಆಯಿಲಿನ ಮಾಹಿತಿ ಪತ್ರ ನೋಡಿ.

ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ. ವರ್ಷಗಟ್ಟಲೆ ಓಡಿ ಪಳಗಿದ, ಕಂಪನಿಯ ಮೂಲ ಸ್ಪ್ರಿಂಗ್‌ಗಳೇ ಇರುವ ಇಂಜಿನ್ನಿಗೆ ಸರಿಯಾದ ಗ್ರೇಡಿನ ಈಗಿನ ಆಯಿಲ್ ಸಾಮಾನ್ಯವಾಗಿ ಸಾಕು. ಅಪಾಯ ಇರುವುದು ಹೊಸ ಕ್ಯಾಮ್‌ಶಾಫ್ಟ್ ಕೂರಿಸಿದ ಮೊದಲ ಓಟದಲ್ಲಿ ಮತ್ತು ಬಿಗಿ ವಾಲ್ವ್ ಸ್ಪ್ರಿಂಗ್ ಹಾಕಿಸಿದ ಇಂಜಿನ್ನಿನಲ್ಲಿ. ಆಗ ಹಳೆ ಕಾರುಗಳಿಗೆಂದೇ ಮಾಡಿದ, ಜಿಂಕ್ ಹೆಚ್ಚಿರುವ ಆಯಿಲ್ ಕೊಳ್ಳಿ. ಸಾಮಾನ್ಯ ಆಯಿಲಿಗೆ ಬಾಟಲಿಯಿಂದ ಜಿಂಕ್ ಸುರಿದು ಬೆರೆಸುವುದು ನನಗೆ ಒಪ್ಪಿಗೆಯಿಲ್ಲ. ಆಯಿಲಿನ ಉಳಿದ ರಾಸಾಯನಿಕಗಳ ಸಮತೋಲ ಅದರಿಂದ ತಪ್ಪುತ್ತದೆ, ಜಿಂಕ್ ಅತಿಯಾದರೂ ಕೇಡೇ. ಕನ್ವರ್ಟರ್ ಇರುವ, ಆಯಿಲ್ ಕುಡಿಯುವ ಕಾರಿಗಂತೂ ಹೆಚ್ಚು ಜಿಂಕ್ ಬೇಡವೇ ಬೇಡ.

ಡೀಸೆಲ್ ಆಯಿಲನ್ನು ಪೆಟ್ರೋಲ್ ಕಾರಿಗೆ?

ಸಿಐ-4ರಂಥ (ಎಪಿಐ ಡೀಸೆಲ್ ಆಯಿಲಿಗೆ ಕೊಡುವ) ಗುರುತಿನ 15ಡಬ್ಲ್ಯು-40 ಲಾರಿ ಆಯಿಲನ್ನು ಹಳೆ ಪೆಟ್ರೋಲ್ ಕಾರಿಗೆ ಹಾಕುವ ರೂಢಿ ಹಲವೆಡೆ ಇದೆ. ಮಸಿ ಕರಗಿಸುವ ಡಿಟರ್ಜೆಂಟ್ ಅದರಲ್ಲಿ ಹೆಚ್ಚು, ಜಿಂಕ್ ಕೂಡ ಚೆನ್ನಾಗಿರುತ್ತದೆ. ಕನ್ವರ್ಟರ್ ಇಲ್ಲದ ಮೊದಲ ಬಗೆಯ ಕಾರಿಗೆ ಇದು ಬುದ್ಧಿವಂತ ಆಯ್ಕೆ. ಆದರೆ ಡಬ್ಬಿಯ ಮೇಲೆ ಸಿಐ-4 ಜೊತೆಗೆ ಎಸ್‌ಎಲ್‌ನಂಥ ಪೆಟ್ರೋಲ್ ಗುರುತೂ ಇರಬೇಕು. ಡಿಪಿಎಫ್ (ಹೊಗೆಯಲ್ಲಿನ ಮಸಿ ಹಿಡಿಯುವ ಫಿಲ್ಟರ್) ಇರುವ ಡೀಸೆಲ್ ಕಾರು ನಿಮ್ಮದಾದರೆ ಮಾತು ತಿರುವುಮುರುವು: ಬೂದಿ ಕಡಿಮೆ ಬಿಡುವ, ಎಸಿಇಎಯ ಸಿ ಸಾಲಿನ ಆಯಿಲನ್ನೇ ಹಾಕಬೇಕು. ಇಲ್ಲದಿದ್ದರೆ ಫಿಲ್ಟರ್ ಬೂದಿಯಿಂದ ತುಂಬಿಕೊಳ್ಳುತ್ತದೆ.

ಹೈ ಮೈಲೇಜ್ ಆಯಿಲ್

ಸುಮಾರು 1,20,000 ಕಿಲೋಮೀಟರ್ ದಾಟಿದ ಕಾರಿಗೆಂದು ಮಾರುವ ಇವುಗಳಲ್ಲಿ ಗಟ್ಟಿಯಾದ ರಬ್ಬರನ್ನು ಸ್ವಲ್ಪ ಮೆದುಗೊಳಿಸಿ ಉಬ್ಬಿಸುವ ಅಂಶ ಇರುತ್ತದೆ. ಹೆಸರು ಹೈ ಮೈಲೇಜ್ ಆದರೂ, ನನ್ನ ಲೆಕ್ಕದಲ್ಲಿ ಇದರ ಹೆಚ್ಚಿನ ಲಾಭ ಮೂರನೆಯ ಬಗೆಯ ಕಾರಿಗೆ, ಅಂದರೆ ಓಡದೆ ವಯಸ್ಸಾದದ್ದಕ್ಕೆ. ಸೀಲ್ ಸುತ್ತ ಆಯಿಲ್ ಜಿನುಗಿ ಒದ್ದೆಯಾಗುತ್ತಿದ್ದರೆ ಒಂದು ಸಲ ಹಾಕಿ ನೋಡಬಹುದು. ಫಲ ಕಾಣಲು ಕೆಲವು ವಾರ ಬೇಕು. ನೆಲಕ್ಕೆ ತೊಟ್ಟಿಕ್ಕುವ ಸೋರಿಕೆಯನ್ನು, ಹರಿದ ಗ್ಯಾಸ್ಕೆಟ್ಟನ್ನು ಯಾವ ಆಯಿಲೂ ಸರಿಮಾಡದು.

ಗ್ರೇಡ್ ಬದಲಿಸುವ ಮೊದಲು ಹೊಗೆ ನೋಡಿ

ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ನೀಲಿ ಹೊಗೆ ಬುಸ್ ಎಂದು ಬಂದು ಆಮೇಲೆ ನಿಂತರೆ, ಅಥವಾ ಇಳಿಜಾರಿನಲ್ಲಿ ಆಕ್ಸಿಲರೇಟರ್ ಬಿಟ್ಟು ಇಳಿದು ಮತ್ತೆ ಒತ್ತಿದಾಗ ಬಂದರೆ, ವಾಲ್ವ್ ಸೀಲ್ ಕಡೆ ನೋಡಿ. ಏರಿನಲ್ಲಿ ಎಳೆಯುವಾಗ ನೀಲಿ ಹೊಗೆ ಎಡೆಬಿಡದೆ ಬಂದರೆ ಪಿಸ್ಟನ್ ರಿಂಗ್. ಬಿಳಿ ಹೊಗೆಯ ಜೊತೆ ಕೂಲೆಂಟ್ ಇಳಿಯುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಶಂಕೆ. ಆಯಿಲ್ ಗ್ರೇಡಿಗೂ ಅದಕ್ಕೂ ಸಂಬಂಧವಿಲ್ಲ. ಆಯಿಲ್ ಮುಚ್ಚಳದ ಒಳಗೆ ಹಾಲಿನ ಕೆನೆಯಂಥದು ಕಂಡರೆ ಗಾಬರಿ ಬೀಳುವ ಮುನ್ನ ಕಾರನ್ನು ಒಂದು ಗಂಟೆ ಓಡಿಸಿ ನೋಡಿ. ಚಿಕ್ಕ ಚಿಕ್ಕ ಓಟದಿಂದ ಕಟ್ಟಿದ ತೇವವಾದರೆ ಹೋಗುತ್ತದೆ. ಡಿಪ್‌ಸ್ಟಿಕ್ ಮೇಲೂ ಅದೇ ಕೆನೆ ಇದ್ದರೆ, ಕೂಲೆಂಟ್ ಇಳಿದಿದ್ದರೆ ಮಾತ್ರ ಓಡಿಸಬೇಡಿ.

ಬಿಸಿಯಾದ ಮೇಲೆ ಐಡ್ಲಿಂಗ್‌ನಲ್ಲಿ ಪ್ರೆಶರ್ ದೀಪ ಮಿನುಗಿದರೆ ಗಟ್ಟಿ ಆಯಿಲ್ ಹಾಕಿ ದೀಪವನ್ನು ಆರಿಸಿಬಿಡಬೇಡಿ. ಮೆಕ್ಯಾನಿಕ್ ಬಳಿ ಗೇಜ್ ಹಾಕಿಸಿ ನಿಜವಾದ ಒತ್ತಡ ಅಳೆಸಿ. ಕೆಟ್ಟ ಸೆನ್ಸರ್ ಇರಬಹುದು, ಪಂಪು ಆಯಿಲ್ ಎಳೆದುಕೊಳ್ಳುವ ಪಿಕಪ್ ಜಾಲರಿ ಕಟ್ಟಿಕೊಂಡಿರಬಹುದು, ಸವೆದ ಬೇರಿಂಗ್ ಇರಬಹುದು. ಮೂರಕ್ಕೂ ಮದ್ದು ಬೇರೆ ಬೇರೆ.

ಇಂಜಿನ್ ಫ್ಲಶ್, ಅಂದರೆ ಒಳಗಿನ ಕೆಸರು ತೊಳೆಯಲು ಹಾಕುವ ದ್ರವದ ಬಗ್ಗೆ ಒಂದೇ ಮಾತು. ಒಳಗೆ ಕೆಸರು ಕಟ್ಟಿದ ಹಳೆ ಇಂಜಿನ್ನಿಗೆ ಅದನ್ನು ಹಾಕಿಸಬೇಡಿ. ಒಮ್ಮೆಲೇ ಕಿತ್ತು ಬಂದ ಕೆಸರು ಹೋಗಿ ಕೂರುವುದು ಅದೇ ಪಿಕಪ್ ಜಾಲರಿಯಲ್ಲಿ. ಒಳ್ಳೆಯ ಆಯಿಲ್ ಹಾಕಿ, ಮೊದಲೆರಡು ಸಲ ಎರಡು ಮೂರು ಸಾವಿರ ಕಿಲೋಮೀಟರಿಗೇ ಫಿಲ್ಟರ್ ಸಮೇತ ಬದಲಿಸಿದರೆ ಕೆಸರು ನಿಧಾನವಾಗಿ ಕರಗಿ ಹೊರಬರುತ್ತದೆ. ಆಗ ಆಯಿಲ್ ಬೇಗ ಕಪ್ಪಾದರೆ ಅದು ಕೆಲಸ ಮಾಡುತ್ತಿದೆ ಎಂದರ್ಥ.

ಹೊಸ ಆಯಿಲ್ ಹಾಕಿದ ಮೇಲೆ

ಮಿನರಲ್ ಆದರೆ ನಾನು 5,000 ಕಿಲೋಮೀಟರಿಗೆ, ಸಿಂಥೆಟಿಕ್ ಆದರೆ ಹಳೆ ಕಾರಿನಲ್ಲಿ 8,000ಕ್ಕೆ ಬದಲಿಸುತ್ತೇನೆ. ಓಡಲಿ ಬಿಡಲಿ, ವರ್ಷ ತುಂಬಿದರೆ ಬದಲಿಸಿಯೇ ಬಿಡುತ್ತೇನೆ. ನಿಂತ ಕಾರಿನ ಆಯಿಲಿನಲ್ಲಿ ತೇವ ಮತ್ತು ಆಮ್ಲ ಸೇರಿ ಬೇರಿಂಗ್ ತಿನ್ನುತ್ತವೆ.

ಬದಲಿಸಿದ ದಿನದ ಮೀಟರ್ ಓದನ್ನು ಬರೆದಿಡಿ. ವಾರಕ್ಕೊಮ್ಮೆ ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಇಂಜಿನ್ ಆರಿಸಿ ಹತ್ತು ನಿಮಿಷ ಬಿಟ್ಟು ಡಿಪ್‌ಸ್ಟಿಕ್ ಎಳೆದು ನೋಡಿ. ಅನೇಕ ಕಾರುಗಳಲ್ಲಿ ಕೆಳಗಿನ ಗೆರೆಯಿಂದ ಮೇಲಿನ ಗೆರೆಗೆ ಸುಮಾರು ಒಂದು ಲೀಟರ್. ಮೇಲಿನ ಗೆರೆ ದಾಟಿ ತುಂಬಬೇಡಿ. ಕ್ರ್ಯಾಂಕ್ ಆಯಿಲಿಗೆ ಬಡಿದು ನೊರೆ ಎಬ್ಬಿಸಿದರೆ ಪಂಪು ಆಯಿಲಿನ ಬದಲು ಗಾಳಿ ಎಳೆಯುತ್ತದೆ. ಸಾವಿರ ಕಿಲೋಮೀಟರಿಗೆ ಎಷ್ಟು ಸೇರಿಸಬೇಕಾಯಿತು ಎಂಬ ಲೆಕ್ಕ ಎರಡು ಮೂರು ತಿಂಗಳು ಇಟ್ಟ ಮೇಲೆ ಗ್ರೇಡ್ ಬದಲಿಸಬೇಕೇ ಬೇಡವೇ ಎಂದು ಮೆಕ್ಯಾನಿಕ್ ಜೊತೆ ಕೂತು ಮಾತಾಡಿ. ಆ ಚೀಟಿಯನ್ನು ಕೈಯಲ್ಲಿ ಹಿಡಿದೇ ಹೋಗಿ.